ಎಡಗೈಗೆ ಹೋದ ಮೂರು ಬೆರಳು

ಯಶವಂತಪುರ
7-9-1964, ಸೋಮವಾರ

ಮುಜಫ್ಫರ್ ಸಾಹೇಬರಿಗೆ,

ಸಂಜೆ ಐದೂಮುಕ್ಕಾಲು. ಇವತ್ತು ಪ್ರೆಸ್ಸಿನಲ್ಲಿ ಭೂಗೋಳದ ಪುಸ್ತಕದ ಹಾಳೆ ಮಡಿಸಿ ಹೊಲಿದೆ. ಎರಡು ಸಲ ಸೂಜಿ ಚುಚ್ಚಿಕೊಂಡೆ. ಮನೆಗೆ ಬಂದು ಕಾಲು ತೊಳೆದು ಇದನ್ನು ಬರೆಯಲು ಕೂತಿದ್ದೇನೆ. ಹದಿನೈದು ವರ್ಷದಿಂದ ನಿಮ್ಮನ್ನು ಮುಜಫ್ಫರಣ್ಣ ಎಂದು ಕರೆದಿದ್ದೇನೆ. ಇವತ್ತು ಹಾಗೆ ಬರೆಯಲು ಕೈ ಬರಲಿಲ್ಲ.

ನಿನ್ನೆ ಪಕ್ಕದ ಮನೆಯ ಅಂಜಿನಮ್ಮ ಬಲವಂತ ಮಾಡಿ ಟೆಂಟ್ ಸಿನಿಮಾದ ಮೊದಲನೇ ಆಟಕ್ಕೆ ಕರೆದುಕೊಂಡು ಹೋದಳು. ಪಟ್ಟಣದಲ್ಲಿ ಶುಕ್ರವಾರ ಬಿಡುಗಡೆಯಾದ ಚಿತ್ರ ಅದೇ ವಾರ ನಮ್ಮ ಟೆಂಟಿಗೆ ಬಂದದ್ದು ನಾನು ಕಂಡಿಲ್ಲ. ತೆಗೆದವರು ಹೆಬ್ಬಾಳದ ಕಂಟ್ರಾಕ್ಟರ್ ಮುನಿಆಂಜಿನಪ್ಪ. ಟೆಂಟು ಹಾಕಿರುವ ಜಾಗವೂ ಅವರದೇ, ಅದಕ್ಕೇ ಬಂದಿದೆ. ಚಿತ್ರದ ಹೆಸರು ‘ಮೂಬೆರಳ ವೀರ’.

ನಿಮಗೆ ನೆನಪಿಸಬೇಕಾಗಿಲ್ಲ, ಆದರೂ ನೆನಪಿಸುತ್ತೇನೆ. ಮೂಬೆರಳ ವೀರ ನಮ್ಮಣ್ಣ ಲಕ್ಕಣ್ಣನವನು. ಮಕ್ಕಳ ವಾರಪತ್ರಿಕೆಗೆ ಅವನು ಮೂರು ವರ್ಷ ಮರದ ಬ್ಲಾಕುಗಳಲ್ಲಿ ಆ ಚಿತ್ರಕಥೆಯನ್ನು ಕೆತ್ತಿದ. ನೀವು ಕುಂಚದಲ್ಲಿ ತಲೆಬರಹ ಬರೆದು, ಮಿಷನ್ ತುಳಿದು ಅಚ್ಚು ಹಾಕಿದಿರಿ. ನಾನು ಹಾಳೆ ಮಡಿಸಿದೆ.

ಅಪ್ಪ ರೈಲ್ವೆ ಯಾರ್ಡಿನಲ್ಲಿ ಗೂಡ್ಸ್ ಡಬ್ಬಿ ಜೋಡಿಸುವಾಗ ಎರಡು ಬೆರಳು ಕಳೆದುಕೊಂಡದ್ದು ಬಲಗೈಯಲ್ಲಿ. ಅಣ್ಣನ ವೀರ ಬಲಗೈಯ ಮೂರು ಬೆರಳನ್ನು ರೈಲು ಕಂಬಿಯ ಮೇಲಿಟ್ಟು ಹತ್ತು ಮೈಲಿಯಾಚೆಯ ಅನ್ಯಾಯವನ್ನು ಕೇಳಿಸಿಕೊಳ್ಳುತ್ತಿದ್ದ. ನಿನ್ನೆ ಪರದೆಯ ಮೇಲೆ ಬಂದವನಿಗೆ ಸಿಡಿಲು ಹೊಡೆದು ಶಕ್ತಿ ಬಂತಂತೆ. ಅದು ಹೋಗಲಿ. ಅವನು ಎಡಗೈ ಎತ್ತಿದ. ಗವಸಿನ ಎರಡು ಖಾಲಿ ಬೆರಳು ಎಡಗೈಯಲ್ಲಿ ಜೋತಾಡುತ್ತಿದ್ದವು.

“ಲೇ ಕೃಷ್ಣಿ, ಇವನು ಎಡಚ ಕಣೇ!” ಎಂದು ಅಂಜಿನಮ್ಮ ನಕ್ಕಳು.

ನನಗೆ ನಗು ಬರಲಿಲ್ಲ. ಕಾಗದದ ಮೇಲೆ ಬಲಗೈ ಬೀಳಬೇಕಾದರೆ ಮರದ ಮೇಲೆ ಎಡಗೈ ಕೆತ್ತಬೇಕು. ಪತ್ರಿಕೆ ನೋಡಿ ಕದ್ದಿದ್ದರೆ ಈ ವೀರ ಬಲಗೈಯವನಾಗಿರುತ್ತಿದ್ದ. ಇವರು ಬ್ಲಾಕು ನೋಡಿಕೊಂಡು ಕದ್ದಿದ್ದಾರೆ. ಬ್ಲಾಕುಗಳಿದ್ದ ಟ್ರಂಕು ಯಾರ ಹತ್ತಿರವಿದೆ? ಮೂರು ವರ್ಷದ ಹಿಂದಿನ ನನ್ನ ಡೈರಿ ತೆಗೆದು ನೋಡಿದೆ. “ಅಣ್ಣ ಹೋದ ಹನ್ನೊಂದನೆಯ ದಿನ. ಮುಜಫ್ಫರಣ್ಣ ಟ್ರಂಕು ತೆಗೆದುಕೊಂಡು ಹೋದರು. ಗೆದ್ದಲು ಹಿಡಿಯದ ಹಾಗೆ ಜೋಪಾನ ಮಾಡುತ್ತೇನೆ ಎಂದರು.”

ಇನ್ನೊಂದು. ಚಿತ್ರದ ಮೊದಲಲ್ಲಿ ‘ಕಥೆ: ಮುನಿಆಂಜಿನಪ್ಪ’ ಎಂದು ಬಂತು. ‘ಥ’ದ ಹೊಟ್ಟೆಯೊಳಗಿನ ಚುಕ್ಕೆಯನ್ನು ಎಳ್ಳುಕಾಳಿನ ಹಾಗೆ ಓರೆಯಾಗಿ ಇಡುವವರು ನನಗೆ ಗೊತ್ತಿರುವಂತೆ ಒಬ್ಬರೇ.

ಜವಾಬು ಬರೆಯಿರಿ.

ಲಕ್ಕಣ್ಣನ ತಂಗಿ,
ಕೃಷ್ಣಮ್ಮ


ಕೋಡಂಬಾಕ್ಕಂ, ಮದ್ರಾಸು
17-9-1964

ತಂಗಿ ಕೃಷ್ಣಮ್ಮನಿಗೆ ಮುಜಫ್ಫರ್ ಮಾಡುವ ಸಲಾಂ.

ನಿನ್ನ ಕಾಗದ ತಲುಪಿತು. ನಿನ್ನ ಅತ್ತಿಗೆ ಸಬೀರಾಗೆ ಇಲ್ಲಿಯ ಉಪ್ಪುಗಾಳಿ ಒಗ್ಗದೆ ಕೆಮ್ಮು ಹಿಡಿದಿದೆ, ಅದಕ್ಕೇ ತಡವಾಯಿತು. ಟ್ರಂಕು ಭದ್ರವಾಗಿದೆ. ಸಿನಿಮಾ ಎಂದರೆ ನೂರು ಜನ ಸೇರಿ ಮಾಡುವ ಕೆಲಸ. ಒಂದು ಕಥೆಗೆ ಹತ್ತು ಕೈ ಬೀಳುತ್ತದೆ, ಕೊನೆಗೆ ಅದು ಯಾರದೆಂದು ಹೇಳುವುದು ಕಷ್ಟ. ನಾನು ಇಲ್ಲಿ ಟೈಟಲ್ ಬರೆಯುವವನು, ಪರದೆಗೆ ಬಣ್ಣ ಬಳಿಯುವವನು. ಬರೆದುಕೊಡು ಎಂದದ್ದನ್ನು ಬರೆಯುತ್ತೇನೆ.

ಮನಸ್ಸಿಗೆ ಹಚ್ಚಿಕೊಳ್ಳಬೇಡ. ಊರಿಗೆ ಬಂದಾಗ ಎದುರಿಗೆ ಕೂತು ಮಾತಾಡೋಣ.

ಇಂತಿ,
ಮುಜಫ್ಫರ್


ಯಶವಂತಪುರ
22-9-1964, ಮಂಗಳವಾರ

ಮುಜಫ್ಫರ್ ಸಾಹೇಬರಿಗೆ,

ಸಂಜೆ ಆರು. ಮಂಗಳವಾರವಾದ್ದರಿಂದ ಪ್ರೆಸ್ಸಿನ ಎದುರಿನ ಆವಲಪ್ಪನ ಕ್ಷೌರದಂಗಡಿ ಮುಚ್ಚಿತ್ತು, ಬೀದಿಯಲ್ಲಿ ಮಾತೇ ಇರಲಿಲ್ಲ. ದಿನವಿಡೀ ನಿಮ್ಮ ಕಾಗದದ ಒಂದು ಸಾಲು ತಲೆಯಲ್ಲಿ ಸುತ್ತಿತು. ಯಾರ ಕಥೆಯೆಂದು ಹೇಳುವುದು ಕಷ್ಟ ಎಂದಿದ್ದೀರಿ. ಕಷ್ಟವಿಲ್ಲ. ನಾನು ಹೇಳುತ್ತೇನೆ.

ಚಿತ್ರವನ್ನು ಮತ್ತೆ ಎರಡು ಸಲ ನೋಡಿದೆ. ಅದರಲ್ಲಿ ಖಳನ ಬಂಗಲೆಯ ನಂಬರು ಹದಿನೇಳು. ಅದು ಅಪ್ಪನ ರೈಲ್ವೆ ಕ್ವಾರ್ಟರ್ಸಿನ ನಂಬರು. ಅಪ್ಪ ರಿಟೈರಾದ ವಾರಕ್ಕೇ ನಮ್ಮನ್ನು ಅಲ್ಲಿಂದ ಹೊರಡಿಸಿದರೆಂಬ ಸಿಟ್ಟಿಗೆ ಅಣ್ಣ ಖಳನನ್ನು ಅಲ್ಲಿ ಕೂರಿಸಿದ. ಒಬ್ಬ ಮುದುಕಿ ಹೊಸ್ತಿಲ ಮೇಲೆ ಕೂತು ಹೋಗುವ ಪ್ರತಿ ರೈಲಿಗೂ ಕೈ ಮುಗಿಯುತ್ತಾಳೆ. ಟೆಂಟಿನಲ್ಲಿ ಜನ ಅವಳನ್ನು ನೋಡಿ ಹುಚ್ಚಿ ಎಂದು ನಗುತ್ತಾರೆ. ಅದು ನಮ್ಮಮ್ಮ. ಅಪ್ಪ ಯಾವ ಗಾಡಿಗೆ ಡಬ್ಬಿ ಜೋಡಿಸಿದ್ದಾರೋ ಗೊತ್ತಿಲ್ಲದೆ ಎಲ್ಲ ಗಾಡಿಗೂ ಮುಗಿಯುತ್ತಿದ್ದಳು. ಮುನಿಆಂಜಿನಪ್ಪನಿಗೆ ಇದೆಲ್ಲ ಏನು ಗೊತ್ತು? ಅರ್ಥ ತಿಳಿಯದೆ ಎತ್ತಿಕೊಂಡು ಹೋಗಿದ್ದಾನೆ.

ಅಣ್ಣ ಹೋದ ದಿನ ನಿಮಗೆ ನೆನಪಿದೆಯೇ? ಅಪ್ಪ ತೀರಿಕೊಂಡಾಗ ಅಣ್ಣನ ತಲೆ ಬೋಳಿಸಿ ಮೀಸೆ ತೆಗೆದವನು ಇದೇ ಆವಲಪ್ಪ. ಅಣ್ಣನಿಗಾಗಿ ಮೀಸೆ ತೆಗೆಸಲು ನಮ್ಮ ಮನೆಯಲ್ಲಿ ಗಂಡಸಿರಲಿಲ್ಲ. ಆವಲಪ್ಪ ಕತ್ತಿ ಮಸೆದುಕೊಂಡು ಬಂದು ಅಂಗಳದಲ್ಲಿ ಸುಮ್ಮನೆ ಕೂತಿದ್ದ. ಆಗ ನೀವು ಮುಂದೆ ಬಂದು, “ನನ್ನದು ತೆಗಿ ಆವಲಪ್ಪಾ” ಎಂದಿರಿ. “ನಿಮ್ಮೋರಲ್ಲಿ ಆ ಪದ್ಧತಿ ಇಲ್ಲ ಕಣಪ್ಪ, ಬ್ಯಾಡ” ಎಂದು ಹಿರಿಯರು ತಡೆದರು. ನೀವು ಗೋಡೆಗೆ ಮುಖ ಮಾಡಿ ಅತ್ತಿರಿ. ಆವಲಪ್ಪ ಕತ್ತಿಯನ್ನು ಒರೆಸಿ ಪೆಟ್ಟಿಗೆಗೆ ಹಾಕಿಕೊಂಡು ಹೋದ.

ಅಂಥವರು ಅವನ ಟ್ರಂಕನ್ನು ಮಾರಿದಿರಾ? ಹೌದು ಎಂದಾದರೂ ಬರೆಯಿರಿ, ಇಲ್ಲ ಎಂದಾದರೂ ಬರೆಯಿರಿ. ಉಪ್ಪುಗಾಳಿಯ ಸುದ್ದಿ ಬೇಡ.

ಕೃಷ್ಣಮ್ಮ


ಕೋಡಂಬಾಕ್ಕಂ
4-10-1964

ತಂಗಿ ಕೃಷ್ಣಮ್ಮನಿಗೆ,

ಮಾರಲಿಲ್ಲ. ಖುದಾ ಸಾಕ್ಷಿ. ಆದರೆ ನಾನೇ ಕೊಂಡುಹೋಗಿ ಅವರ ಮುಂದಿಟ್ಟೆ, ಅದು ನಿಜ.

ಕಳೆದ ವರ್ಷ ಮುನಿಆಂಜಿನಪ್ಪನವರು ಇಲ್ಲಿಗೆ ಬಂದು, ನಮ್ಮ ಕಡೆಯ ಹುಡುಗ ಎಂದು ನನ್ನನ್ನು ಕರೆಸಿದರು. ಒಂದು ಸಾಹಸದ ಕಥೆ ಬೇಕೆಂದರು. ನನಗೆ ಲಕ್ಕಣ್ಣನೇ ಕಣ್ಣ ಮುಂದೆ ಬಂದ. ಪತ್ರಿಕೆಯ ಹಳೆಯ ಸಂಚಿಕೆಗಳು ಎಲ್ಲೂ ಉಳಿದಿಲ್ಲ, ನೀನು ಹೊಲಿದಿಟ್ಟ ಒಂದು ಸಂಪುಟ ಬಿಟ್ಟರೆ. ಅದನ್ನು ಕೇಳಿದರೆ ಕೊಡುವುದಿಲ್ಲವೆಂದು ಗೊತ್ತಿತ್ತು. ಟ್ರಂಕನ್ನೇ ಹೊತ್ತುಕೊಂಡು ಹೋಗಿ ಬ್ಲಾಕುಗಳನ್ನು ಸಾಲಾಗಿ ಜೋಡಿಸಿ ಕಥೆ ಹೇಳಿದೆ. ಅವರು ತೊಡೆ ತಟ್ಟಿ, “ಭಲೇ ಸಾಬಿ! ನಿನ್ ಸ್ನೇಯಿತನ ಎಸ್ರು ಇಷ್ಟುದ್ದ ಆಕ್ಸ್ತೀನಿ” ಎಂದು ಕೈ ಅಗಲ ಮಾಡಿ ತೋರಿಸಿದರು. ನಾನು ನಂಬಿದೆ. ನಿನಗೆ ಬರೆಯಲಿಲ್ಲ. ಪರದೆಯ ಮೇಲೆ ಹೆಸರು ನೋಡಿ ನೀನು ಬೆಚ್ಚಬೇಕು ಎಂದು ಆಸೆಪಟ್ಟೆ.

ಬಟ್ಟೆ ಹೊಲಿಯುವವನು ಬ್ಲಾಕಿನ ಮೇಲೆ ಕಾಗದ ಇಟ್ಟು ಗೆರೆ ಎತ್ತಿಕೊಂಡ. ನಾನು ಪರದೆ ಬಿಡಿಸುವ ಶೆಡ್ಡಿನಲ್ಲಿದ್ದೆ. ನೋಡುವಷ್ಟರಲ್ಲಿ ವೀರ ಎಡಚನಾಗಿ ನಿಂತಿದ್ದ. ಅವನ ಸೊಂಟದ ಪಟ್ಟಿ ನೋಡಿದೆ. ನಿನಗೆ ನೆನಪಿರಬೇಕು, ಲಕ್ಕಣ್ಣ ಪ್ರತಿ ಚಿತ್ರದಲ್ಲೂ ಪಟ್ಟಿಯ ಮೇಲೆ ಬಳ್ಳಿಯ ಹಾಗೆ ಸುತ್ತಿ ತನ್ನ ಹೆಸರು ಕೆತ್ತುತ್ತಿದ್ದ. ಮಾತುಗಳನ್ನೆಲ್ಲ ಕೆಳಗೆ ಅಚ್ಚುಮೊಳೆ ಜೋಡಿಸಿ ಅಚ್ಚು ಹಾಕುತ್ತಿದ್ದೆವು. ಬ್ಲಾಕಿನಲ್ಲಿ ಅಕ್ಷರವೆಂದು ಇದ್ದದ್ದು ಅದೊಂದೇ, ಅದೂ ತಿರುಗುಮುರುಗಾಗಿ. ಇಲ್ಲಿಯವರು ಅದನ್ನು ನಾಗಬಳ್ಳಿ ಎಂದುಕೊಂಡು ಜರಿಯಲ್ಲಿ ದೊಡ್ಡದಾಗಿ ಹೊಲಿದಿದ್ದರು.

ತಿರುಗುಮುರುಗಾಗಿದೆ ಎಂದು ಹೇಳಲು ಮುನಿಆಂಜಿನಪ್ಪನವರ ರೂಮಿಗೆ ಹೋದೆ. ಅವತ್ತೇ ಅವರು ಟೈಟಲಿನಲ್ಲಿ ಬರೆಯಬೇಕಾದ ಹೆಸರುಗಳ ಪಟ್ಟಿ ಕೈಗೆ ಕೊಟ್ಟರು. ಲಕ್ಕಣ್ಣನ ಹೆಸರಿರಲಿಲ್ಲ. ಕೇಳಿದೆ. “ಸತ್ತೋನ ಎಸ್ರು ಮೊದ್ಲನೇ ರೀಲಲ್ಲಿ ಯಾಕಯ್ಯಾ? ಅಪಸಕುನ. ನನ್ ಪಿಚ್ಚರ್‌ಗೆ ಸೂತಕ ಅಂಟಿಸ್ಬೇಡ” ಎಂದರು. ಹೆಸರುಗಳ ಪಟ್ಟಿ ಹಿಡಿದು ಹೊರಗೆ ಬಂದೆ. ಅವರ ಹೆಸರನ್ನು ಈ ಕೈಯಿಂದಲೇ ಬರೆದೆ. ಸೊಂಟದ ಪಟ್ಟಿ ತಿರುಗುಮುರುಗಾಗಿದೆ ಎಂಬ ಮಾತು ಮಾತ್ರ ಹೇಳಲಿಲ್ಲ.

ಇನ್ನೂ ಸ್ವಲ್ಪ ಮಾಡಿದೆ. ನಾನು ಬಣ್ಣ ಬಳಿದ ಕಡೆಯೆಲ್ಲ ಅದೇ ಬಳ್ಳಿಯನ್ನು ಹಾಗೇ ತಿರುಗಿಸಿ ಬರೆದಿದ್ದೇನೆ. ಹಾಡಿನಲ್ಲಿ ಬರುವ ಸ್ಟೇಷನ್ ಗೋಡೆಯ ಅಂಚು, ಖಳನ ನಡುಮನೆಯ ಪರದೆ, ಕೊನೆಯಲ್ಲಿ ಸುಡುವ ಬಾಗಿಲು, ಒಟ್ಟು ಏಳು ಕಡೆ. ಅಪಶಕುನ ಎಂದ ಹೆಸರು ಅವರ ಚಿತ್ರದ ತುಂಬ ಇದೆ. ಒಂದು ಕನ್ನಡಿ ತೆಗೆದುಕೊಂಡು ಹೋಗಿ ನೋಡು.

ಇಂತಿ,
ತಪ್ಪು ಮಾಡಿದ ಮುಜಫ್ಫರ್


ಯಶವಂತಪುರ
9-10-1964, ಶುಕ್ರವಾರ

ಮುಜಫ್ಫರ್ ಸಾಹೇಬರಿಗೆ,

ಬೆಳಿಗ್ಗೆ ಏಳು. ನಿನ್ನೆ ಹಾಳೆ ಮಡಿಸಿ ಬಂದು ಸಂಜೆ ಕನ್ನಡಿ ತೆಗೆದುಕೊಂಡು ಟೆಂಟಿಗೆ ಹೋದೆ. ಅಮ್ಮನ ಕುಂಕುಮದ ಕನ್ನಡಿ, ಅಂಗೈಯಗಲದ್ದು. ಪರದೆಗೆ ಬೆನ್ನು ಹಾಕಿ ನೆಲದಲ್ಲಿ ಕೂತೆ. ಹಿಂದೆ ಕೂತಿದ್ದ ಹೆಂಗಸರ ಮುಖವೆಲ್ಲ ನನ್ನ ಕಡೆಗೇ ಇತ್ತು.

“ಇದೇನ್ ತಾಯಿ, ಪಿಚ್ಚರ್ ಬಿಟ್ಟು ತಲೆ ಬಾಚ್ಕೋತಾ ಇದೀಯಾ?”

“ಅವ್ಳಿಗೆ ಹೀರೋ ಮುಖ ನೋಡೋಕೆ ನಾಚ್ಕೆ ಕಣ್ರೇ!”

ನಾನು ಕನ್ನಡಿ ಎತ್ತಿ ಹಿಡಿದೆ. ಕನ್ನಡಿಯಲ್ಲಿ ಮೊದಲು ಕೈ ಕಂಡಿತು. ಅಪ್ಪನ ಬಲಗೈ ಮತ್ತೆ ಬಲಗೈಯಾಗಿತ್ತು. ಆಮೇಲೆ ಪಟ್ಟಿ. ಲಕ್ಕಣ್ಣ. ಸ್ಟೇಷನ್ ಗೋಡೆಯ ಮೇಲೆ ಲಕ್ಕಣ್ಣ. ಖಳನ ಪರದೆಯ ಮೇಲೆ ಲಕ್ಕಣ್ಣ. ಬಾಗಿಲು ಸುಡುವಾಗ ‘ಕ್ಕ’ ಮೊದಲು ಉರಿದು ‘ಣ್ಣ’ ಕೊನೆಗೆ ಹೋಯಿತು. ಆ ಹೊತ್ತಿಗೆ ಕನ್ನಡಿ ಮಸಕಾಗಿತ್ತು, ನನ್ನ ಉಸಿರೋ ಕಣ್ಣೀರೋ ತಿಳಿಯಲಿಲ್ಲ.

ಅಷ್ಟು ಹೊತ್ತು ನಿಮ್ಮ ಮೇಲೆ ಸಿಟ್ಟು ಇರಲಿಲ್ಲ. ಹೊರಗೆ ಬಂದ ಮೇಲೆ ಮತ್ತೆ ಬಂತು. ನೀವು ಹೆಸರನ್ನು ಬರೆದಿಲ್ಲ, ಬಚ್ಚಿಟ್ಟಿದ್ದೀರಿ. ಏಳು ಕಡೆ ಬಚ್ಚಿಟ್ಟು ನನಗೊಬ್ಬಳಿಗೆ ಹೇಳಿದರೆ ಅದು ನಿಮ್ಮ ಮನಸ್ಸಿನ ಸಮಾಧಾನಕ್ಕಾಯಿತು. ಮುನಿಆಂಜಿನಪ್ಪ ನಿನ್ನೆಯೂ ಟೆಂಟಿನ ಬಾಗಿಲಲ್ಲಿ ಮೀಸೆ ತಿರುವುತ್ತ ಕೂತು, “ಆ ಎಡಗೈ ಐಡಿಯಾ ನಂದೇ ಕಣ್ರೀ, ಬೇರೆ ಯಾರ್ಗೂ ಒಳೀತಿರ್ಲಿಲ್ಲ” ಎಂದು ಹೇಳಿಕೊಳ್ಳುತ್ತಿದ್ದ. ಜನ ತಲೆದೂಗುತ್ತಿದ್ದರು.

ಆ ಮನುಷ್ಯ ನನ್ನ ಅಣ್ಣನ ಹೆಸರನ್ನು ಅಪಶಕುನ ಎಂದ. ಅದೇ ಹೆಸರನ್ನು ಅವನ ಬಾಯಿಂದಲೇ, ನಾಲ್ಕು ಜನರ ಮುಂದೆ ಓದಿಸಬೇಕು. ಅದಾಗುವ ತನಕ ನನಗೆ ನೆಮ್ಮದಿಯಿಲ್ಲ. ಒಬ್ಬೊಬ್ಬರ ಕೈಗೂ ಕನ್ನಡಿ ಕೊಟ್ಟು ತಿರುಗಲು ನನ್ನಿಂದಾಗದು. ಆದರೆ ಗೋಡೆಗೆ ದೊಡ್ಡ ಕನ್ನಡಿ ಹಾಕಿ, ಜನರನ್ನು ಅದರ ಮುಂದೆ ಕೂರಿಸಿ, ತಲೆ ಅಲ್ಲಾಡಿಸಬೇಡಿ ಎನ್ನುವ ಅಂಗಡಿ ಒಂದಿದೆ. ಪ್ರೆಸ್ಸಿನ ಕಿಟಕಿಯಿಂದ ದಿನವೂ ಕಾಣುತ್ತದೆ.

ನೀವು ಮಾಡಬೇಕಾದದ್ದು ಇಷ್ಟೇ. ವೀರ ಸೊಂಟದ ಮೇಲೆ ಕೈಯಿಟ್ಟು ನಿಂತಿರುವ ದೊಡ್ಡ ಪೋಸ್ಟರು ಬರುತ್ತದಲ್ಲ, ಪಟ್ಟಿ ಎದ್ದು ಕಾಣುವುದು, ಅದನ್ನು ಸಿಕ್ಕಷ್ಟು ಕಳಿಸಿ. ಟ್ರಂಕನ್ನೂ ಕಳಿಸಿ.

ಕೃಷ್ಣಮ್ಮ


ಕೋಡಂಬಾಕ್ಕಂ
15-10-1964

ತಂಗಿ,

ಸಬೀರಾಳ ತಮ್ಮ ನಾಳೆ ಬೆಂಗಳೂರು ಮೇಲ್ ಗಾಡಿಯಲ್ಲಿ ಬರುತ್ತಾನೆ. ಪೋಸ್ಟರಿನ ಕಟ್ಟು, ಟ್ರಂಕು ಎರಡನ್ನೂ ನಿನ್ನ ಮನೆಗೇ ತಲುಪಿಸುತ್ತಾನೆ. ಬ್ಲಾಕುಗಳಿಗೆ ಎಣ್ಣೆ ಸವರಿ ಬಟ್ಟೆ ಸುತ್ತಿದ್ದೇನೆ. ಪೋಸ್ಟರು ಎಲ್ಲಿ ಹೋಯಿತೆಂದು ಆಫೀಸಿನವರು ಕೇಳಿದರೆ ನಾನೇ ತೆಗೆದೆ ಎಂದು ಹೇಳುತ್ತೇನೆ. ಈ ಸಲ ಬಚ್ಚಿಡುವುದಿಲ್ಲ.

ನೀನು ಏನು ಮಾಡುತ್ತೀಯೆಂದು ಊಹಿಸಿದೆ. ಸಬೀರಾಗೆ ಹೇಳಿದಾಗ ಕೆಮ್ಮಿನ ನಡುವೆಯೂ ನಕ್ಕಳು.

ಮುಜಫ್ಫರ್


ಯಶವಂತಪುರ
26-10-1964, ಸೋಮವಾರ

ಸಾಹೇಬರಿಗೆ ಎಂದು ಬರೆಯಲು ಹೋಗಿ ನಿಲ್ಲಿಸಿದೆ. ಬೇರೆ ಏನು ಬರೆಯಬೇಕೆಂದು ಇನ್ನೂ ತಿಳಿದಿಲ್ಲ. ಹಾಗೇ ಬಿಟ್ಟಿದ್ದೇನೆ.

ಸಂಜೆ ಆರೂವರೆ. ಇವತ್ತು ನಡೆದದ್ದನ್ನು ಮೊದಲು ಡೈರಿಯಲ್ಲಿ ಬರೆದು, ಈಗ ನಿಮಗೆ ಬರೆಯುತ್ತಿದ್ದೇನೆ.

ನಿಮ್ಮ ಪೋಸ್ಟರುಗಳು ಬಂದ ದಿನವೇ ಒಂದನ್ನು ನಮ್ಮ ಪ್ರೆಸ್ಸಿನ ಹೊರಗೋಡೆಗೆ, ಆವಲಪ್ಪನ ಕನ್ನಡಿಗೆ ನೇರವಾಗಿ ಅಂಟಿಸಿದೆ. ಗೋಂದು ಪ್ರೆಸ್ಸಿನದು. ಆವಲಪ್ಪ ಹೊರಗೆ ಬಂದು ಪೋಸ್ಟರು ನೋಡಿದ, ಒಳಗೆ ಹೋಗಿ ಕನ್ನಡಿ ನೋಡಿದ, ಮತ್ತೆ ಹೊರಗೆ ಬಂದು ನನ್ನನ್ನು ನೋಡಿದ. “ಅಮ್ಮಯ್ಯಾ, ಉಳಿದದ್ದು ಇಲ್ ಕೊಡು” ಎಂದ. ಮತ್ತೀಕೆರೆ, ಜಾಲಹಳ್ಳಿ, ಯಲಹಂಕ, ಎಲ್ಲ ಕಡೆ ಅವನ ನೆಂಟರ ಅಂಗಡಿಗಳಿವೆ. ಒಂದೇ ವಾರದಲ್ಲಿ ಎಲ್ಲ ಕುರ್ಚಿಗಳ ಹಿಂದೆಯೂ ವೀರ ನಿಂತ. ಕ್ಷೌರಕ್ಕೆ ಕೂತವರು ಅಲ್ಲಾಡುವಂತಿಲ್ಲ, ಬೇರೆ ನೋಡುವಂತಿಲ್ಲ, ಓದಲೇಬೇಕು. “ಯಾರಪ್ಪ ಈ ಲಕ್ಕಣ್ಣ?” ಎಂದು ಕೇಳಿದರೆ ಕ್ಷೌರ ಮುಗಿಯುವಷ್ಟರಲ್ಲಿ, ನನ್ನಿಂದ ತಿಳಿದಿದ್ದ ಅಂಗಡಿಯವರು ಅಪ್ಪನ ಬೆರಳಿನಿಂದ ಹಿಡಿದು ಸೂತಕದ ಮಾತಿನ ತನಕ ಎಲ್ಲ ಹೇಳುತ್ತಿದ್ದರು. ಈಗ ಟೆಂಟಿಗೆ ಹೋಗುವವರು ಲಕ್ಕಣ್ಣನ ಪಿಚ್ಚರ್ ಎನ್ನುತ್ತಾರೆ. ಬೆಂಚಿನ ಮೇಲೆ ಕಾಯುವವರಿಗೆ ಹೊಸಬರು ಕೂತೊಡನೆ ಒಟ್ಟಿಗೆ ಕೂಗಿ ಓದುವುದೇ ಆಟವಾಗಿತ್ತು.

ಐವತ್ತು ದಿನ ದಾಟಿದ್ದಕ್ಕೆ ಮೆರವಣಿಗೆಯಿದೆ, ಹೀರೋ ಮದ್ರಾಸಿನಿಂದ ಬರುತ್ತಾರೆ. ಅದರ ಏರ್ಪಾಡು ನೋಡಲು ಇವತ್ತು ನಾಲ್ಕು ಗಂಟೆಗೆ ಮುನಿಆಂಜಿನಪ್ಪ ಬಂದ. ಗಡ್ಡ ಕೆರೆಸಿ ಮೀಸೆ ಒಪ್ಪ ಮಾಡಿಸಿಕೊಳ್ಳಲು ಆವಲಪ್ಪನ ಕುರ್ಚಿಯಲ್ಲಿ ಕೂತ. ಬೆಂಚಿನಲ್ಲಿ ಐದಾರು ಜನರಿದ್ದರು. ನಾನು ಕಿಟಕಿಯ ಹತ್ತಿರ ಹೊಲಿಯುತ್ತಿದ್ದೆ. ಒಂದು ಮಾತೂ ತಪ್ಪದೆ ಕೇಳಿಸಿತು.

“ಏನ್ ಆವಲಪ್ಪ, ನೋಡ್ದೇನೋ ನಮ್ ಪಿಚ್ಚರ್‌ನ?”

“ಎರಡ್ ದಪ ನೋಡ್ದೆ ಸ್ವಾಮಿ. ಆ ಸೊಂಟದ ಪಟ್ಟಿ ಬಾಳ ಚೆನ್ನಾಗದೆ.”

“ಅದಾ? ನಾಗಬಳ್ಳಿ ಅದು. ನಂದೇ ಐಡಿಯಾ.”

“ನಾಗಬಳ್ಳೀನಾ! ನಾವ್ ಓದ್ದೇ ಇರೋರು, ಅಲ್ಲೇನೋ ಬರ್ದಂಗದೆ ಅಂತಿದ್ವಿ. ನೀವ್ ಓದಿದೋರು, ಒಸಿ ಕನ್ನಡೀಲಿ ನೋಡಿ ಓದಿ.”

ಆವಲಪ್ಪ ಅವನ ಗಲ್ಲ ಹಿಡಿದು ಮುಖವನ್ನು ನೇರ ಮಾಡಿದ. ಮೂಗಿನ ಕೆಳಗೆ ಸೋಪಿನ ನೊರೆ, ನೊರೆಯ ಅಂಚಿನಲ್ಲಿ ಕತ್ತಿ.

“ಲ…” ಎಂದ ಮುನಿಆಂಜಿನಪ್ಪ. “ಲಕ್ಕ…”

ಅಲ್ಲಿಗೆ ನಿಲ್ಲಿಸಿದ. ಬೆಂಚಿನವರು ನಿಲ್ಲಿಸಲಿಲ್ಲ. “ಲಕ್ಕಣ್ಣ!” ಎಂದು ಒಟ್ಟಿಗೆ ಓದಿದರು.

ಅವನು ಧಡಕ್ಕನೆ ಎದ್ದ. ಎದ್ದ ಮೇಲೆ ನೋಡಿದರೆ ಎಡಗಡೆಯ ಮೀಸೆ ಇರಲಿಲ್ಲ.

“ಅಯ್ಯೋ ಬೋಳಿಮಗನೆ, ನನ್ ಮೀಸೆ!”

“ನೀವ್ ಎದ್ರಿ ಸ್ವಾಮಿ, ಕತ್ತಿ ಏಳ್ಲಿಲ್ಲ. ಕೂತ್ಕಳಿ, ಇನ್ನೊಂದ್ ಕಡೇದೂ ತೆಗ್ದು ಸಮ ಮಾಡ್ಬುಡ್ತೀನಿ.”

“ಸಮ ಮಾಡ್ತೀಯಾ? ನಮ್ಮಪ್ಪ ಸತ್ತಾಗ ಬಿಟ್ರೆ ಈ ಮೀಸೆ ಮೇಲೆ ಕತ್ತಿ ಇಕ್ಕಿಲ್ಲ ಕಣಯ್ಯ ನಾನು!”

ಬೀದಿಯಲ್ಲಿ ಹೋಗುತ್ತಿದ್ದ ಮುದುಕನೊಬ್ಬ ಇದನ್ನು ಕೇಳಿಸಿಕೊಂಡು ನಿಂತ. ಅವನಿಗೆ ಯಾವುದೂ ಗೊತ್ತಿರಲಿಲ್ಲ. ಹೆಗಲ ಮೇಲಿನ ಟವಲ್ ತೆಗೆದು, ಮರ್ಯಾದೆಯಿಂದ, “ಯಾರ್ ತೀರ್ಕೊಂಡ್ರು ಸ್ವಾಮಿ?” ಎಂದು ಕೇಳಿದ.

ಬೆಂಚಿನಿಂದ ಯಾರೋ ಹೇಳಿದರು. “ಲಕ್ಕಣ್ಣ ತೀರ್ಕೊಂಡ್ರು.”

ಮುನಿಆಂಜಿನಪ್ಪ ತಿರುಗಿ ಪೋಸ್ಟರು ನೋಡಿದ, ಪಕ್ಕದ ಕಿಟಕಿಯಲ್ಲಿ ನನ್ನನ್ನು ನೋಡಿದ. “ನೀನ್ಯಾರಮ್ಮ?” ಎಂದ.

“ಲಕ್ಕಣ್ಣನ ತಂಗಿ.”

ಅವನು ಅಂಗಡಿಯ ಟವಲಿನಿಂದ ಬಾಯಿ ಮುಚ್ಚಿಕೊಂಡು ಕಾರು ಹತ್ತಿದ. “ಟವಲ್ ಕೊಟ್ಟೋಗಿ ಸ್ವಾಮಿ” ಎಂದು ಆವಲಪ್ಪ ಹಿಂದೆಯೇ ಕೂಗಿದ. ಕೈ ಜಾರಿತೇ ಎಂದು ಆಮೇಲೆ ನಾನು ಕೇಳಿದೆ. ಅವನು ಕತ್ತಿಯನ್ನು ಒರೆಸಿ ಪೆಟ್ಟಿಗೆಗೆ ಹಾಕುತ್ತ, “ಮೂರು ವರ್ಸದಿಂದ ಮಸೆದಿದ್ದು ಅಂಗೇ ಇತ್ತು ಕಣಮ್ಮ” ಎಂದ.

ಅಣ್ಣನಿಗೆ ಯಾರೂ ಮೀಸೆ ತೆಗೆಸಲಿಲ್ಲವೆಂದು ಇಷ್ಟು ದಿನ ಕೊರಗಿದ್ದೆ. ಅರ್ಧ ತೆಗೆದಾಯಿತು. ಉಳಿದರ್ಧ ಮುನಿಆಂಜಿನಪ್ಪನ ಇಷ್ಟ. ಅರ್ಧ ಮೀಸೆಯಲ್ಲಿ ಹೀರೋ ಪಕ್ಕದಲ್ಲಿ ನಿಂತರೂ ಸರಿ, ಪೂರ್ತಿ ತೆಗೆದು ಸೂತಕದವನ ಹಾಗೆ ನಿಂತರೂ ಸರಿ. ನಾನು ಮುಂದಿನ ಸಾಲಿನಲ್ಲಿ ನಿಂತು ನೋಡುತ್ತೇನೆ.

ನಿಮ್ಮ ಮೇಲಿನ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ. ಟ್ರಂಕು ತಲುಪಿದೆ, ಒಂದು ಬ್ಲಾಕಿಗೂ ಗೆದ್ದಲು ಹಿಡಿದಿಲ್ಲ. ಸಬೀರಾಗೆ ಕೆಮ್ಮಿಗೆ ಆಡುಸೋಗೆ ಎಲೆ ಕಳಿಸುತ್ತೇನೆ, ಕಷಾಯ ಮಾಡಿಕೊಡಿ.

ಮೆರವಣಿಗೆ ನಾಳೆ ನಾಲ್ಕು ಗಂಟೆಗೆ, ಸ್ಟೇಷನ್ನಿನಿಂದ ಟೆಂಟಿನವರೆಗೆ. ನಾಳೆ ಮಂಗಳವಾರ. ಕ್ಷೌರದಂಗಡಿಗಳು ತೆರೆಯುವುದಿಲ್ಲ.

ಕೃಷ್ಣಮ್ಮ